ಕಳ್ಳ ಪ್ರಿಂಟಿನಲ್ಲಿ ಸಿಕ್ಕ ನಗು

ಹೋದ ತಿಂಗಳು ಬ್ಯಾಂಕಿನ ಕೆಲಸಕ್ಕೆಂದು ಬಂಗಾರಪೇಟೆಗೆ ಹೋಗಿದ್ದೆ. ಕೆಲಸ ಮುಗಿಸಿ ಸ್ಟೇಷನ್ ಕಡೆ ನಡೆಯುತ್ತಿದ್ದಾಗ, ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಟ್ಟಡದ ಮುಂದೆ ಕಾಲು ತಾನಾಗಿ ನಿಂತಿತು. ಕೆಳಗಿನ ಬೀಜ ಗೊಬ್ಬರದ ಅಂಗಡಿ ಹಾಗೇ ಇದೆ. ಮೇಲಿನ ಮಹಡಿಯನ್ನು ಯಾರೋ ಟ್ಯೂಷನ್ ನಡೆಸುವವರು ಹಿಡಿದಿದ್ದಾರಂತೆ, ಬಣ್ಣ ಹೊಡೆಸುತ್ತಿದ್ದರು. ಮೆಟ್ಟಿಲ ಮೇಲಿಂದ ಹಸಿ ಡಿಸ್ಟೆಂಪರಿನ ವಾಸನೆ ಇಳಿದು ಬಂತು. ಅದು ನಮ್ಮಪ್ಪನ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅವನ ಕೈಯಿಂದ ಹೋಗುತ್ತಿರಲಿಲ್ಲ. ಅಂಗಡಿಯವನು "ಏನ್ ಬೇಕಮ್ಮಾ?" ಅಂದ. ಏನೂ ಬೇಡವೆಂದು ತಲೆಯಾಡಿಸಿ ಹೊರಟೆ. ಆದರೆ ಅಲ್ಲಿ ಕಳೆದ ಒಂದು ಮಳೆಗಾಲ ನನ್ನ ಜೊತೆಯಲ್ಲೇ ಟ್ರೇನು ಹತ್ತಿತು.

ಅಪ್ಪ ವೆಂಕಟೇಶಪ್ಪ ಹುಟ್ಟಿದ್ದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ. ನನಗೆ ಬುದ್ಧಿ ಬರುವ ಹೊತ್ತಿಗೆ ನಾವು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಬಾಡಿಗೆ ಮನೆಯಲ್ಲಿದ್ದೆವು. ಗಣಿ ಮುಚ್ಚಿ ಬಹಳ ಕಾಲವಾಗಿತ್ತು. ಊರಿನ ಅರ್ಧ ಗಂಡಸರ ಹಾಗೆ ಅಪ್ಪನೂ ನಸುಕಿನಲ್ಲಿ ಮಾರಿಕುಪ್ಪಂ ಟ್ರೇನು ಹಿಡಿದು ಬೆಂಗಳೂರಿಗೆ ಹೋಗಿ, ಯಾರ‍್ಯಾರದೋ ಗೋಡೆಗೆ ಬಣ್ಣ ಬಳಿದು, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಅವನಿಗಿದ್ದ ಒಂದೇ ಚಟ ಸಿನಿಮಾ. ಭಾನುವಾರ ಬಂದರೆ ಬಂಗಾರಪೇಟೆಯ ಥಿಯೇಟರಿಗೆ ಹೋಗಲೇಬೇಕು. ಫೋನಿನಲ್ಲಿ ನೋಡು ಅಂದರೆ, "ಅಂಗೈಯಾಗೆ ಏನ್ ನೋಡಾದು? ಜನದ್ ಮದ್ಯ ಕುಂತ್ಕಂಡ್ ನಗ್ಬೇಕು ಕಣಮ್ಮಾ" ಅನ್ನುತ್ತಿದ್ದ.

ಅವನ ನಗು ಊರಿಗೆಲ್ಲ ಗೊತ್ತು. ಮೊದಲು ಸದ್ದೇ ಇರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಸೈಕಲ್ ಪಂಪು ಎಳೆದ ಹಾಗೆ ಒಂದು ಉಸಿರು. ಅದರ ಹಿಂದೆಯೇ "ಅಯ್ಯಯ್ಯಯ್ಯೋ" ಎಂದು ಕಿರುಚಿಕೊಂಡೇ ನಕ್ಕು, ಕೊನೆಗೆ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಥಿಯೇಟರಿನಲ್ಲಿ ಸಿನಿಮಾಕ್ಕೆ ನಗದವರೂ ಅವನ ನಗುವಿಗೆ ನಗುತ್ತಿದ್ದರು.

ಅಂಥವನ ಮಗಳಿಗೆ ಸಿಕ್ಕ ಕೆಲಸವೂ ಸಿನಿಮಾದ್ದೇ. ಡಿಗ್ರಿ ಮುಗಿಸಿ ಸೇರಿದ್ದು ಆ ಮಹಡಿಯ ಮೇಲಿನ ಆಫೀಸಿಗೆ. ಬೆಂಗಳೂರಿನ ಒಂದು ಸಂಸ್ಥೆ ಸಿನಿಮಾ ಕಂಪನಿಗಳಿಂದ ಗುತ್ತಿಗೆ ಹಿಡಿದು, ಬಾಡಿಗೆ ಕಡಿಮೆ ಎಂದು ಬಂಗಾರಪೇಟೆಯಲ್ಲಿ ನಮ್ಮನ್ನು ಕೂರಿಸಿತ್ತು. ಹೊಸ ಸಿನಿಮಾ ಬಿಡುಗಡೆಯಾದ ಕೂಡಲೇ ಇಂಟರ್‌ನೆಟ್ಟಿನಲ್ಲಿ ಅದರ ಕಳ್ಳ ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಅವನ್ನು ಹುಡುಕಿ, ಕೇಳಿ, ನೋಡಿ, ಇದು ಅದೇ ಸಿನಿಮಾ ಎಂದು ಖಚಿತಮಾಡಿ, ತೆಗೆಸಲು ನೋಟಿಸ್ ಕಳಿಸಬೇಕು. ನಮಗೆ ಕೆಲಸ ಕಲಿಸಿದ್ದು ರೇಖಾ ಮೇಡಂ. ಮೊದಲ ದಿನವೇ ಹೇಳಿದ್ದರು: "ಎಲ್ಲಾನೂ ಕಿತ್ತಾಕೋಕೆ ಹೋಗಬೇಡಿ. ಯಾರೋ ಮದುವೆ ವಿಡಿಯೋಗೆ ನಮ್ಮ ಹಾಡು ಹಾಕ್ಕೊಂಡಿದ್ರೆ ಇರಲಿ ಬಿಡಿ. ಅದರ ಮೇಲೆ ಜಾಹೀರಾತು ಬರತ್ತೆ, ಆ ದುಡ್ಡು ಹಾಡಿನ ಕಂಪನಿಗೆ ಬರತ್ತೆ. ಪೂರ್ತಿ ಸಿನಿಮಾ ಇದ್ರೆ ಮಾತ್ರ ತೆಗೆಸಿ." ಕಾಯುವುದೂ ಗಳಿಸುವುದೂ ಒಂದೇ ಕೆಲಸದ ಎರಡು ಕೈ ಎಂದು ನನಗೆ ಅರ್ಥವಾದದ್ದು ಅಲ್ಲಿ.

ಅಪ್ಪನಿಗೆ ಇದೆಲ್ಲ ತಿಳಿಯುತ್ತಿರಲಿಲ್ಲ. ಟ್ರೇನಿನಲ್ಲಿ ಎಲ್ಲರಿಗೂ, "ನನ್ ಮಗ್ಳು ಸಿನ್ಮಾ ಕಳ್ರನ್ನ ಇಡಿಯೋ ಪೊಲೀಸು" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಆ ವರ್ಷ ಆಷಾಢ ಕಳೆಯುತ್ತಲೇ ಒಂದು ನಗೆ ಸಿನಿಮಾ ಬಂತು. ಮದುವೆ ಗಂಡಿನ ವಿಗ್ಗನ್ನು ಮೇಕೆಯೊಂದು ಕಚ್ಚಿಕೊಂಡು ಓಡುವ ದೃಶ್ಯ ಅದರಲ್ಲಿತ್ತು. ಜನ ಅದಕ್ಕೆಂದೇ ಮತ್ತೆ ಮತ್ತೆ ಹೋಗುತ್ತಿದ್ದರು. ಭಾನುವಾರ ಮ್ಯಾಟ್ನಿಗೆ ಅಪ್ಪ, ತನ್ನ ಜೊತೆ ಬಣ್ಣದ ಕೆಲಸ ಮಾಡುವ ಸೀನನನ್ನು ಕರೆದುಕೊಂಡು ಹೋಗಿ ಬಂದ. ಬಂದವನು ಅಮ್ಮನ ಮುಂದೆ ಮೇಕೆಯ ಹಾಗೆ ಓಡಿ ತೋರಿಸಿದ. ಅದೇ ವಾರ, ಬೆಂಗಳೂರಿಂದ ವಾಪಸು ಬರುವಾಗ, ತುಂಬಿದ ಬೋಗಿಯಲ್ಲಿ ಸೀನನ ಭುಜಕ್ಕೆ ತಲೆ ಕೊಟ್ಟ. ಟೇಕಲ್ ದಾಟಿದ ಮೇಲೂ ಎಚ್ಚರವಾಗಲಿಲ್ಲ. ದಣಿದಿದ್ದಾನೆ, ಮಲಗಲಿ ಎಂದು ಸೀನ ಅಲುಗದೆ ಕೂತಿದ್ದನಂತೆ. ಬಂಗಾರಪೇಟೆಯಲ್ಲಿ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಅಲ್ಲೇ ಇಳಿಸಿ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಹೊತ್ತು ತಂದವನೂ ಅವನೇ.

ಕಾರ್ಯವೆಲ್ಲ ಮುಗಿದು ನಾನು ಕೆಲಸಕ್ಕೆ ಮರಳುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ನಮ್ಮ ಕಡೆ ಅಷ್ಟು ಮಳೆ ಅಪರೂಪ. ಗಣಿ ಮಣ್ಣಿನ ಸೈನೈಡ್ ದಿಬ್ಬಗಳು ಕರಗಿ, ಬೂದು ನೀರು ರಸ್ತೆಗೆ ಬಂದು, ಚಪ್ಪಲಿಗೆಲ್ಲ ಬಿಳಿ ಕೆಸರು ಮೆತ್ತುತ್ತಿತ್ತು. ಅಮ್ಮ ಟೊಮೇಟೊ ತೋಟದ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಳು. ಸಂಜೆ ಟ್ರೇನಿನ ಸದ್ದಾದರೆ ಎದ್ದು ಬಾಗಿಲು ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತು ಹೊರಗೆ ನೋಡಿ ಮತ್ತೆ ಮುಚ್ಚುತ್ತಿದ್ದಳು.

ಆಫೀಸಿನಲ್ಲಿ ಅದೇ ಮೇಕೆ ಸಿನಿಮಾ ನನ್ನ ಪಾಲಿಗೆ ಬಂದಿತ್ತು. ಒಂದನ್ನು ಕಿತ್ತರೆ ಇನ್ನೊಂದು ಹೆಸರಿನಲ್ಲಿ ಮತ್ತೊಂದು ಏಳುತ್ತಿತ್ತು. ಒಂದು ಮಧ್ಯಾಹ್ನ ಹೊಸದೊಂದು ಲಿಂಕ್ ತೆರೆದೆ. ಥಿಯೇಟರ್ ಪ್ರಿಂಟು, ಯಾರೋ ಜೇಬಿನಲ್ಲಿ ಫೋನಿಟ್ಟು ತೆಗೆದದ್ದು. ತೆರೆ ಓರೆಯಾಗಿತ್ತು, ಮುಂದಿನವರ ತಲೆ ಅಡ್ಡ ಬರುತ್ತಿತ್ತು. ಇಂಥವನ್ನು ನಾವು ಪೂರ್ತಿ ನೋಡುತ್ತಿರಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ಹೋಲಿಸಿ ನೋಡಿದರೆ ಸಾಕಿತ್ತು. ಮೇಕೆಯ ದೃಶ್ಯಕ್ಕೆ ಬಂದೆ. ಹೆಡ್‌ಫೋನಿನಲ್ಲಿ ಥಿಯೇಟರಿನ ಜನ ಗೊಳ್ಳೆಂದು ನಕ್ಕರು. ನಗು ಇಳಿಯಿತು. ಆಮೇಲೆ, ನನ್ನ ಬಲಗಿವಿಯ ಹತ್ತಿರವೇ, ಸೈಕಲ್ ಪಂಪು ಎಳೆದ ಹಾಗೆ ಒಂದು ಉಸಿರು.

"ಅಯ್ಯಯ್ಯಯ್ಯೋ..."

ನಾನು ಹಿಂದಕ್ಕೆ ತಿರುಗಿ ನೋಡಿದೆ. ಕುರ್ಚಿಯ ಹಿಂದೆ ಗೋಡೆ, ಗೋಡೆಗೆ ಕೊಡೆಗಳು ಒರಗಿ ನಿಂತು ನೀರು ಸೋರುತ್ತಿದ್ದವು. ಹೆಡ್‌ಫೋನಿನಲ್ಲಿ ಕೆಮ್ಮು ಕೇಳಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಅಲ್ಲಿಂದಲೇ ಕೇಳಿದೆ. ಅದೇ ನಗು, ಅದೇ ಕೆಮ್ಮು. ಸುತ್ತಮುತ್ತ ಜನ ಅಪ್ಪನ ನಗುವಿಗೆ ಎರಡನೇ ಸಲ ನಕ್ಕರು.

ನೋಟಿಸ್ ಕಳಿಸಲು ಕೈ ಬರಲಿಲ್ಲ. ಆ ಲಿಂಕನ್ನು, ಮತ್ತೊಮ್ಮೆ ನೋಡಬೇಕಾದವುಗಳ ಸಾಲಿಗೆ ಹಾಕಿಟ್ಟೆ. ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗಿಳಿದಾಗ ಸ್ವಲ್ಪ ಸ್ವಲ್ಪ ಕೇಳುತ್ತಿದ್ದೆ. ಅಪ್ಪ ಇಡೀ ಸಿನಿಮಾದಲ್ಲಿ ಹರಡಿಕೊಂಡಿದ್ದ. ನಾಯಕಿ ಬಂದಾಗ "ಇವ್ಳು ಚೆನಾಗವ್ಳೆ" ಅಂದ. ಹಾಡಿಗೆ ತಾಳ ತಪ್ಪಿಸಿ ಗುನುಗಿದ. ತಾಯಿ ಸಾಯುವ ದೃಶ್ಯದಲ್ಲಿ ಮೂಗು ಸೇದಿದ. ಮುಗಿದುಹೋದೀತೆಂಬ ಹೆದರಿಕೆಯಿಂದ ಒಂದು ದಿನಕ್ಕೆ ಒಂದಿಷ್ಟೇ ಕೇಳಿ ನಿಲ್ಲಿಸುತ್ತಿದ್ದೆ. ಸಂಜೆ ಟ್ರೇನಿನಲ್ಲಿ ಯಾರು ಕೆಮ್ಮಿದರೂ ತಿರುಗಿ ನೋಡುತ್ತಿದ್ದೆ. ಅಮ್ಮನಿಗೆ ಹೇಳಲಿಲ್ಲ. ಈಗಾಗಲೇ ಬಾಗಿಲು ತೆಗೆಯುವವಳು ಇನ್ನೇನು ಮಾಡಿಕೊಳ್ಳುತ್ತಾಳೋ ಎಂದು ಭಯವಿತ್ತು.

ಇಂಟರ್‌ವಲ್ ಕಳೆದು ಸ್ವಲ್ಪ ಹೊತ್ತಿಗೆ, ತೆರೆಯ ಮೇಲೆ ಮಾತಿಲ್ಲದ ಒಂದು ಜಾಗದಲ್ಲಿ, ಅಪ್ಪ ತೀರ ಹತ್ತಿರ ಬಂದು ಪಿಸುಗುಟ್ಟಿದ:

"ಫೋನ್ ಒಳೀಕ್ ಇಡ್ಲಾ ಸೀನಾ. ನನ್ ಮಗ್ಳು ಇಂತಾವ್ನೇ ಇಡಿಯೋದು. ಅವ್ಳ್ ಕಿವೀಗ್ ಬಿದ್ರೆ ನನ್ ದನಿ ಗುರ್ತಿಡೀತಾಳೆ ಕಣ್ಲಾ."

ಆಮೇಲೆ ತನ್ನ ಮಾತಿಗೆ ತಾನೇ ನಕ್ಕ.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಸತ್ತವನು ಅಷ್ಟು ಸರಿಯಾಗಿ, ನಾನು ಕೂತಿದ್ದ ಕುರ್ಚಿಯನ್ನೇ ನೋಡಿಕೊಂಡು ಮಾತಾಡಿದ ಹಾಗಿತ್ತು. ಹೊರಗೆ ಮಳೆ ಜೋರಾಗಿತ್ತು, ಗೊಬ್ಬರದ ಅಂಗಡಿಯವನು ಶಟರು ಎಳೆಯುತ್ತಿದ್ದ. ನನಗೆ ಅಳು ಬರಲಿಲ್ಲ, ಹೆದರಿಕೆಯಾಯಿತು.

ಮಾರನೆಯ ದಿನವೇ ರೇಖಾ ಮೇಡಂ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಪ್ರತಿ ಥಿಯೇಟರಿಗೆ ಹೋಗುವ ಸಿನಿಮಾದಲ್ಲೂ ಕಣ್ಣಿಗೆ ಕಾಣದ ಒಂದು ಗುರುತು ಹುದುಗಿರುತ್ತದೆ. ಕಳ್ಳ ಪ್ರತಿಯನ್ನು ಪರೀಕ್ಷಿಸಿದರೆ ಅದು ಯಾವ ಥಿಯೇಟರು, ಯಾವ ಆಟ ಎಂದು ಗೊತ್ತಾಗುತ್ತದೆ. ಬೆಂಗಳೂರಿನವರು ಅದನ್ನು ಓದಿ ಮುಗಿಸಿದ್ದರು.

"ಭಾಗ್ಯಾ, ಇದು ನಮ್ಮೂರ ಥಿಯೇಟರೇ ಅಂತೆ. ಭಾನುವಾರದ ಮ್ಯಾಟ್ನಿ. ಓನರ್‌ಗೆ ನೋಟಿಸ್ ಹೋಗತ್ತೆ. ಇನ್ನು ಮುಂದೆ ಹೊಸ ಸಿನಿಮಾ ಕೊಡಲ್ಲ ಅಂತಿದಾರೆ."

"ಅವರೇನು ಮಾಡಿದ್ರು, ಮೇಡಂ?"

"ತಡೀಲಿಲ್ಲವಲ್ಲ. ಪಕ್ಕದಲ್ಲಿ ಯಾರೋ ಮಾತಾಡಿದಾರಂತೆ. ಆ ದನಿ ಯಾರದು ಅಂತ ಸಿಕ್ಕಿದ್ರೆ ರೆಕಾರ್ಡ್ ಮಾಡಿದೋನೂ ಸಿಗ್ತಾನೆ. ನೀನು ಪೂರ್ತಿ ಕೇಳಿದೀಯಾ?"

"ಆ ದನಿ ನಮ್ಮಪ್ಪಂದು, ಮೇಡಂ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೆಡ್‌ಫೋನು ತೆಗೆದುಕೊಂಡು, ನಾನು ತೋರಿಸಿದ ಜಾಗದಿಂದ ಕೇಳಿದರು. ಕೇಳುತ್ತಾ ಕೇಳುತ್ತಾ ಬಾಯಿಗೆ ಸೆರಗು ಒತ್ತಿಕೊಂಡರು. ತೆಗೆದಿಟ್ಟು, "ಸೀನ ಅಂದ್ರೆ ಯಾರು?" ಎಂದು ಕೇಳಿದರು.

"ಈ ಕಡೆ ಊರ ತುಂಬಾ ಸೀನಂದಿರೇ, ಮೇಡಂ."

"ಹೌದು" ಅಂದರು. "ಊರ ತುಂಬಾ ಸೀನಂದಿರೇ." ಎದ್ದು ತಮ್ಮ ಜಾಗಕ್ಕೆ ಹೋದರು. ಆ ದಿನ ಬೆಂಗಳೂರಿಗೆ ಅವರು ಏನೂ ಬರೆಯಲಿಲ್ಲ.

ಭಾನುವಾರ ಬಸ್ಸು ಹಿಡಿದು ಕ್ಯಾಸಂಬಳ್ಳಿಗೆ ಹೋಗಿ, ಅಲ್ಲಿಂದ ಸೀನನ ಹಳ್ಳಿಗೆ ನಡೆದೆ. ಹೋಗುತ್ತಾ ದಾರಿಯುದ್ದಕ್ಕೂ ಯೋಚಿಸಿದೆ. ಥಿಯೇಟರನ್ನು ನಂಬಿಕೊಂಡು ಟಿಕೆಟ್ ಕೊಡುವವಳು, ಗೇಟಿನವನು, ಕಡಲೆ ಮಾರುವವನು ಎಲ್ಲರೂ ಇದ್ದರು. ಇತ್ತ ಸೀನನ ಭುಜದ ಮೇಲೆ ನಮ್ಮಪ್ಪ ಪ್ರಾಣ ಬಿಟ್ಟಿದ್ದ. ಯಾರನ್ನು ಕಾಪಾಡಿದರೆ ಯಾರು ಮುಳುಗುತ್ತಾರೋ ತಿಳಿಯಲಿಲ್ಲ. ಸೀನ ಮನೆಯ ಮುಂದೆ ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುತ್ತಾ ಕೂತಿದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದ.

"ಯಾಕಮ್ಮಾ? ಅತ್ತಿಗೆ ಚೆನಾಗವ್ರಾ?"

"ಚೆನಾಗವ್ಳೆ. ಸೀನಣ್ಣ, ಫೋನ್ ಒಳೀಕ್ ಇಡು ಅಂತ ಅಪ್ಪ ನಿಂಗೆ ಅಂದಿದ್ದು ನನ್ ಕಿವೀಗ್ ಬಿತ್ತು."

ಅವನ ಕೈಯಿಂದ ಬ್ರಷ್ ಜಾರಿತು.

"ಅಣ್ಣ ಕನಸ್ನಾಗ್ ಬಂದ್ ಏಳಿದ್ರಾ?"

"ಇಲ್ಲ. ನಿನ್ ಪ್ರಿಂಟಲ್ಲೇ ಅವ್ನೆ."

ಕುಸಿದು ಕೂತ. ಒಂದೊಂದೇ ಮಾತು ಹೊರಗೆ ಬಂತು. ಫೋನಿನ ಗ್ರೂಪೊಂದರಲ್ಲಿ ಪರಿಚಯವಾದ ಯಾರೋ, ಥಿಯೇಟರ್ ಪ್ರಿಂಟು ಕಳಿಸಿದರೆ ಹೊಸ ಫೋನು ಕೊಡಿಸುತ್ತೇನೆ ಅಂದಿದ್ದನಂತೆ. ಕಳಿಸಿದ ಮೇಲೆ ಆ ನಂಬರೇ ಇಲ್ಲ. "ಅಣ್ಣ ಬೇಡ ಅಂದ್ರು. ನಾನ್ ಕೇಳ್ಲಿಲ್ಲ. ಆಮ್ಯಾಕೆ ಟ್ರೇನ್ನಾಗೆ ಅಂಗಾಯ್ತಲ್ಲ, ಅವತ್ನಿಂದ ಆ ಫೈಲ್ ಮುಟ್ಟಕ್ಕೂ ಬಯ ನಂಗೆ."

ಥಿಯೇಟರಿನ ಗುರುತು ಸಿಕ್ಕಿರುವುದನ್ನು, ಅಲ್ಲಿಯವರಿಗೆ ಏನಾಗಲಿದೆ ಎಂಬುದನ್ನು ಹೇಳಿದೆ. ನಿನ್ನ ಹೆಸರನ್ನು ನಾನು ಯಾರಿಗೂ ಹೇಳಿಲ್ಲ ಎಂದೂ ಹೇಳಿದೆ. ಏನು ಮಾಡು ಎಂದು ಮಾತ್ರ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಅವನು ಬಿದ್ದ ಬ್ರಷ್ ಎತ್ತಿಕೊಂಡು ಮತ್ತೆ ಸೀಮೆಎಣ್ಣೆಯಲ್ಲಿ ತೊಳೆಯತೊಡಗಿದ. ಅವನ ಹೆಂಡತಿ ಟೀ ತಂದಿಟ್ಟು ಒಳಗೆ ಹೋದಳು.

"ನಾಳೆ ನಾನೇ ಓಗಿ ಓನರ್‌ಗೆ ಏಳ್ತೀನಿ" ಅಂದ ಕೊನೆಗೆ. "ಫೋನ್ ಅವ್ರು ಕಿತ್ಕೊಂತಾರೆ. ಅದ್ಕ್ ಮುಂಚೆ ಒಂದ್ ತಗೋ. ಸಿನ್ಮಾ ಮುಗಿದ್ಮ್ಯಾಲೂ ನಿಲ್ಸಾದ್ ಮರ್ತಿದ್ದೆ. ನಾವ್ ಈಚೆ ಬಂದು ಸ್ಟೇಷನ್‌ಗೆ ನಡ್ಕಂಡ್ ಓಗಾ ಗಂಟ ಎಲ್ಲಾ ಐತೆ. ಪ್ರಿಂಟ್ ತಗಂಡ ಆ ನನ್ ಮಗ ಅದನ್ನ ಕತ್ತರ್ಸಿ ಆಕವ್ನೆ. ನನ್ತಾವ ಪೂರ್ತಿ ಐತೆ."

ಫೋನು ಕಿವಿಗೆ ಹಿಡಿದ. ಕುರ್ಚಿಗಳು ಮಡಚಿಕೊಳ್ಳುವ ಸದ್ದು, ಕಾಲುಗಳ ಸದ್ದು, ಮಳೆ. "ಎಂತಾ ಸಿನ್ಮಾ ಕಣ್ಲಾ!" ಎಂದು ಅಪ್ಪ ಕೆಮ್ಮಿದ. ನಾನು ಕೈ ಅಡ್ಡ ಹಿಡಿದೆ. ಅಲ್ಲಿ, ಬ್ರಷ್ಷುಗಳ ಮಧ್ಯೆ, ಮುಂದೆ ಕೇಳುವುದು ಆಗಲಿಲ್ಲ. ಸಿನಿಮಾದ ಭಾಗವನ್ನು ಬಿಟ್ಟು, ಹೊರಗೆ ಬಂದ ನಂತರದ್ದನ್ನು ಮಾತ್ರ ನನ್ನ ಫೋನಿಗೆ ಹಾಕಿಸಿಕೊಂಡೆ.

ಸೀನ ಹೇಳಿದ ಹಾಗೇ ಮಾಡಿದ. ಥಿಯೇಟರಿನ ಓನರು ಮೊದಲು ಕೆನ್ನೆಗೆ ಒಂದು ಬಿಟ್ಟು, ಆಮೇಲೆ ಅವನೆದುರೇ ಕೂತು ಅತ್ತರಂತೆ. ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಫೋನು ಹೋಯಿತು, ಕೇಸು ಆಯಿತು. ಬಣ್ಣದ ಕೆಲಸ ಬಿಟ್ಟು ಬಿಟ್ಟು ಅವನು ಕೋರ್ಟಿಗೆ ಅಲೆಯುವುದು ಇವತ್ತಿಗೂ ನಿಂತಿಲ್ಲ. ಅವನಿಂದ ಪ್ರಿಂಟು ತರಿಸಿಕೊಂಡು ಇಂಟರ್‌ನೆಟ್ಟಿಗೆ ಬಿಟ್ಟು ಲಾಭ ಮಾಡಿಕೊಂಡವನು ಯಾರೆಂದು ಯಾರಿಗೂ ತಿಳಿಯಲಿಲ್ಲ. ಥಿಯೇಟರಿಗೆ ಮತ್ತೆ ಹೊಸ ಸಿನಿಮಾಗಳು ಬಂದವು. ಬಂದವು ಅನ್ನುವುದಷ್ಟೇ, ಮೊದಲಿನ ಜನ ಬರಲಿಲ್ಲ. ಸೀನ ಅಲ್ಲಿಂದ ಇಲ್ಲಿಯವರೆಗೆ ಯಾವ ಸಿನಿಮಾವನ್ನೂ ನೋಡಿಲ್ಲ.

ಆ ವಾರ ರೇಖಾ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ, "ಆ ಲಿಂಕು ಇನ್ನೂ ಇದೆ. ಬೇರೆಯವರ ಕೈಲಿ ಕಳಿಸಲಾ?" ಅಂದರು.

"ಬೇಡ ಮೇಡಂ. ನಾನೇ ಕಳಿಸ್ತೀನಿ."

ಮೇಕೆಯ ದೃಶ್ಯವನ್ನು ಕೊನೆಯ ಸಲ ಕೇಳಿದೆ. ನೋಟಿಸ್ ಕಳಿಸಿದೆ. ಸಂಜೆ ಹೊರಡುವ ಮುಂಚೆ ತೆರೆದು ನೋಡಿದರೆ ಬೂದು ಬಣ್ಣದ ಖಾಲಿ ಚೌಕವಿತ್ತು, ಹಕ್ಕುದಾರರ ಕೋರಿಕೆಯ ಮೇರೆಗೆ ತೆಗೆಯಲಾಗಿದೆ ಎಂಬ ಸಾಲಿತ್ತು. ಸಾವಿರ ಸಲ ನೋಡಿದ್ದ ಸಾಲೇ. ಇನ್ನು ಯಾರೂ, ಎಲ್ಲೂ, ಅಪ್ಪನ ಜೊತೆ ಕೂತು ಆ ಮೇಕೆಗೆ ನಗುವಂತಿರಲಿಲ್ಲ. ಸಿನಿಮಾ ಅವರದು, ನಿಜ. ಎಷ್ಟೋ ಜನ ದುಡಿದು ಮಾಡಿದ್ದು. ಆದರೆ ಅದರೊಳಗೆ ಸಿಕ್ಕಿಕೊಂಡಿದ್ದ ನಗು ಯಾರದು ಎಂದು ಕೇಳಲು ನಮ್ಮ ಕಂಪ್ಯೂಟರಿನಲ್ಲಿ ಯಾವ ಜಾಗವೂ ಇರಲಿಲ್ಲ.

ಮನೆಗೆ ಬಂದು ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ಆಕು" ಅಂದಳು ಅಷ್ಟೆ. ಹಾಕಿದೆ. ಮಳೆಯಲ್ಲಿ ಅಪ್ಪ ನಡೆದ. ಥಿಯೇಟರಿನ ಹೊರಗಿನ ಸ್ಪೀಕರಿನಲ್ಲಿ ಆ ಸಿನಿಮಾದ ಹಾಡು ಬರುತ್ತಿತ್ತು. ಟೀ ಅಂಗಡಿಯವನು, "ಎನ್ನಾಣ್ಣೇ, ಪಡಂ ನಲ್ಲಾ ಇರುಕ್ಕಾ?" ಎಂದು ಸಿನಿಮಾ ಹೇಗಿದೆಯೆಂದು ತಮಿಳಿನಲ್ಲಿ ಕೇಳಿದ. ಅಪ್ಪ ಅವನಿಗೂ ಮೇಕೆಯ ಕಥೆ ಹೇಳಿದ. "ಬೋಂಡ ಕಟ್ಟಪ್ಪಾ, ಮನೇಗೆ. ಅವ್ಳು ಬರ್ಲಿಲ್ಲ, ಕಾಲ್ ನೋವು" ಅಂದ. ಅಮ್ಮ ಫೋನಿನ ಕಡೆ ಬಾಗಿದಳು. "ಅವತ್ತು ತಂದಿದ್ದ" ಎಂದಳು. "ಆರೋಗಿತ್ತು. ಅಂಗೇ ತಿಂದೆ."

ಕಾಮಸಮುದ್ರದಲ್ಲಿರುವ ಅತ್ತೆ, ಅಪ್ಪನ ಅಕ್ಕ, ವಿಷಯ ತಿಳಿದು ತಾನೂ ತಮ್ಮನ ದನಿ ಕೇಳಬೇಕೆಂದು ಹಟ ಹಿಡಿದಳು. ಹಾಸಿಗೆ ಬಿಟ್ಟು ಏಳಲಾರದವಳು. ಅವಳ ಸೊಸೆಯ ಹಳೆಯ ಫೋನಿಗೆ ಅಷ್ಟು ದೊಡ್ಡ ಫೈಲು ಇಳಿಯಲಿಲ್ಲ. ಹಾಗಾಗಿ ಅದನ್ನು ಇಂಟರ್‌ನೆಟ್ಟಿಗೆ ಹಾಕಿ, ಲಿಂಕು ಕಳಿಸೋಣವೆಂದುಕೊಂಡೆ. ಅಪ್ಪನ ಫೋಟೋ ಇಟ್ಟು, ಕೆಳಗೆ ದನಿ ಸೇರಿಸಿ ಹಾಕಿದೆ. ಉಸಿರು ಬಿಡುವಷ್ಟರಲ್ಲಿ ಸೂಚನೆ ಬಂತು. ಇದರಲ್ಲಿ ಹಕ್ಕುಗಳಿರುವ ಹಾಡಿದೆ. ಇರಲಿ, ಆದರೆ ಇದರ ಮೇಲೆ ಜಾಹೀರಾತು ಬರುತ್ತದೆ, ಅದರ ಆದಾಯ ಹಾಡಿನ ಕಂಪನಿಗೆ ಹೋಗುತ್ತದೆ. ಸ್ಪೀಕರಿನ ಹಾಡನ್ನು, ಅಷ್ಟು ಮಳೆಯ ಸದ್ದಿನಲ್ಲೂ, ಯಂತ್ರ ಗುರುತು ಹಿಡಿದಿತ್ತು.

ಇದನ್ನು ಹೇಳಿದಾಗ ರೇಖಾ ಮೇಡಂ ಕೋಪ ಮಾಡಿಕೊಂಡು ಬೆಂಗಳೂರಿಗೆ ಬರೆದರು. ತೀರಿಹೋದ ಮನುಷ್ಯನ ಮಾತು, ದಯವಿಟ್ಟು ಬಿಟ್ಟುಬಿಡಿ ಎಂದು. ಹಾಡು ಸ್ಪಷ್ಟವಾಗಿ ಕೇಳುತ್ತಿದೆ, ನಿಯಮ ಎಲ್ಲರಿಗೂ ಒಂದೇ ಎಂದು ಉತ್ತರ ಬಂತು. ನಾನೇ ಎಷ್ಟೋ ಮಂದಿಗೆ ಕಳಿಸಿದ ಉತ್ತರ ಅದು. ಎಷ್ಟೋ ಮನೆಗಳ ಮದುವೆ, ನಾಮಕರಣ, ತಿಥಿಗಳ ಮೇಲೆ ಹೀಗೇ ಯಾವುದೋ ತಲೆಗೆಣ್ಣೆಯ ಜಾಹೀರಾತು ಓಡಿರಬೇಕು ಎಂದು ಮೊದಲ ಸಲ ಅನ್ನಿಸಿತು. ಹಾಡನ್ನು ಕತ್ತರಿಸಿ ತೆಗೆಯಲು ನೋಡಿದೆ. ಅಪ್ಪನ ಮಾತು ಹಾಡಿನ ಜೊತೆ ಎಷ್ಟು ಬೆಸೆದುಕೊಂಡಿತ್ತೆಂದರೆ, ಹಾಡು ಹೋದ ಕಡೆಯೆಲ್ಲ ಅವನೂ ಹೋಗುತ್ತಿದ್ದ. ಹಾಗೇ ಬಿಟ್ಟೆ.

ಆಮೇಲೆ ಮಳೆ ಇರುವ ದಿನಗಳಲ್ಲೆಲ್ಲ, ದೀಪ ಹಚ್ಚುವ ಹೊತ್ತಿಗೆ, ಅಮ್ಮ ಫೋನು ಹಿಡಿದು ಕೂರುವಳು. ಫೈಲು ನನ್ನ ಫೋನಿನಲ್ಲಿದೆ, ಅದನ್ನೇ ಕೇಳಬಹುದಮ್ಮಾ ಎಂದರೂ ಒಪ್ಪುತ್ತಿರಲಿಲ್ಲ. ಅದೇ ಹೊತ್ತಿಗೆ ಅತ್ತೆಯೂ ಅಲ್ಲಿ ಕೇಳುತ್ತಿರುತ್ತಾಳೆ, ಇಬ್ಬರೂ ಒಟ್ಟಿಗೆ ಕೇಳಿದ ಹಾಗಾಗುತ್ತದೆ ಎನ್ನುವುದು ಅವಳ ಲೆಕ್ಕ. ಮೊದಲು ಜಾಹೀರಾತು ಬರುತ್ತಿತ್ತು. ಉದ್ದ ಕೂದಲ ಹೆಣ್ಣೊಬ್ಬಳು ನಗುತ್ತಾ ಎಣ್ಣೆಯ ಬಾಟಲು ತೋರಿಸುವಳು. ನಾನು ಅದನ್ನು ದಾಟಿಸಲು ಕೈ ಚಾಚಿದರೆ ಅಮ್ಮ ಬಿಡುತ್ತಿರಲಿಲ್ಲ.

"ಇರ್ಲಿ ಬಿಡಮ್ಮಾ. ನಿಮ್ಮಪ್ಪ ಜಾಹೀರಾತೂ ಬಿಡ್ತಿರ್ಲಿಲ್ಲ."

ಆ ಹೆಣ್ಣು ಹೋಗುವವರೆಗೂ ಇಬ್ಬರೂ ಕಾಯುತ್ತಿದ್ದೆವು. ಆಮೇಲೆ ಮಳೆ ಶುರುವಾಗುತ್ತಿತ್ತು, ಹೊರಗಿನದ್ದೋ ಒಳಗಿನದ್ದೋ ತಿಳಿಯದ ಹಾಗೆ. ಹಾಡು, ಟೀ, ಬೋಂಡ ಎಲ್ಲ ಕಳೆದು, ಕೊನೆಯಲ್ಲಿ ಕಾಲುಗಳು ಚಪಚಪನೆ ಬೇಗ ಬೇಗ ನಡೆಯುವ ಸದ್ದು. ದೂರದಲ್ಲಿ ಟ್ರೇನು ಕೂಗುತ್ತದೆ. ಅಪ್ಪ ಏದುಸಿರು ಬಿಡುತ್ತಾ ಕರೆಯುತ್ತಾನೆ:

"ಬಿರ‍್ನೆ ಬಾರ್ಲಾ, ಟ್ರೇನ್ ಓಗ್ಬಿಡ್ತದೆ!"

ಅಲ್ಲಿಗೆ ದನಿ ನಿಲ್ಲುತ್ತದೆ. ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದ ಕೋಣೆಯಲ್ಲಿರುವವನಿಗೆ ಹೇಳುವ ಹಾಗೆ ಹೇಳುತ್ತಿದ್ದಳು:

"ಎಲ್ಲೂ ಓಗಲ್ಲ. ನೀನ್ ನಿದಾನಕ್ ಬಾ."